ಸೊಬೊಟ್ಕಾ ತನ್ನ ಆಳನ್ನು ಬಿಟ್ಟ ದಿನ

ಲುಡ್ಗರ್ ಸೊಬೊಟ್ಕಾ ಫುಟ್‌ಬಾಲ್ ನಿಲ್ಲಿಸಿ ಇಪ್ಪತ್ತು ವರ್ಷದ ಮೇಲಾಯಿತು. ಆದರೂ ನಮ್ಮ ಗಣಿ ಕಾಲೋನಿಯ ಬೇಕರಿಯಲ್ಲಿ ಅವನು ಸಾಲಿನಲ್ಲಿ ನಿಂತ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಅಲ್ಲಯ್ಯಾ, ಅವತ್ತು ಆ ಟೆಸ್ಮರ್‌ನ ಯಾಕೆ ಬಿಟ್ಟೆ?” ಅವನು ನಗುತ್ತಾನೆ, ನಾಲ್ಕು ಬನ್ನು ಕಟ್ಟಿಸಿಕೊಂಡು ಹೋಗುತ್ತಾನೆ. ಹದಿನೈದು ವರ್ಷ ಆಡಿದವನ ಬದುಕಿನಲ್ಲಿ ಊರಿಗೆ ನೆನಪಿರುವುದು ಆ ಒಂದು ಗಳಿಗೆ. ಆ ಕಾಲಕ್ಕೆ ಕ್ಲಬ್ಬಿನ ಬೂಟು, ಜೆರ್ಸಿ, ಚೆಂಡುಗಳೆಲ್ಲ ನನ್ನ ಸುಪರ್ದಿನಲ್ಲಿದ್ದವು. ಬೂಟಿನ ಕೆಸರು ಕೆರೆಯುತ್ತ ಕೂತವನ ಮುಂದೆ ಯಾರೂ ಮಾತು ನುಂಗುವುದಿಲ್ಲ. ಹಾಗಾಗಿ ನನಗೆ ಕೇಳಿಸಿದ್ದು ಬಹಳ.

ಲುಡ್ಗರ್ ಕಲಿತ ವಿದ್ಯೆ ಒಂದೇ, ಆಳು ಹಿಡಿಯುವುದು. ಆಟಕ್ಕೆ ಮುಂಚೆ ಕೋಚ್ ಎದುರಾಳಿಗಳಲ್ಲಿ ಒಬ್ಬ ಫಾರ್ವರ್ಡ್ ಆಟಗಾರನ ಹೆಸರು ಹೇಳಿದರೆ ಮುಗಿಯಿತು, ತೊಂಬತ್ತು ನಿಮಿಷ ಲುಡ್ಗರ್ ಅವನ ಬೆನ್ನಿಗೆ ಬೆವರಿನ ಹಾಗೆ ಅಂಟಿಕೊಳ್ಳುತ್ತಿದ್ದ. ಇದನ್ನು ಅವನಿಗೆ ಕಲಿಸಿದ್ದು ಅಪ್ಪ ಎವಾಲ್ಡ್. ಕಲ್ಲಿದ್ದಲ ಗಣಿಯಲ್ಲಿ ಮೂವತ್ತೊಂದು ವರ್ಷ ದುಡಿದ ಎವಾಲ್ಡ್, ಗಣಿಯ ಹಿಂದಿನ ಕೆಂಪು ಬೂದಿಯ ಮೈದಾನದಲ್ಲಿ ಮಗನನ್ನು ನಿಲ್ಲಿಸಿ ಹೇಳುತ್ತಿದ್ದ: “ಚೆಂಡು ನೋಡ್ಬೇಡ ಕಣೋ. ಅವನ ಸೊಂಟ ನೋಡು. ಚೆಂಡು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ.” ಒಮ್ಮೆ ಒಬ್ಬ ಫಾರ್ವರ್ಡ್ ನೀರು ಕುಡಿಯಲು ಗೆರೆಯ ಹತ್ತಿರ ಹೋದಾಗ ಲುಡ್ಗರ್ ಅಲ್ಲಿಗೂ ಹೋಗಿ ಪಕ್ಕದಲ್ಲಿ ನಿಂತುಬಿಟ್ಟಿದ್ದ. ಆ ಮನುಷ್ಯ ನಾಚಿಕೊಂಡು ಅರ್ಧ ಬಾಟಲಿ ನೀರು ಇವನಿಗೂ ಕೊಟ್ಟ. ಈ ಕಥೆಯನ್ನು ನಮ್ಮ ಜನ ಹಬ್ಬದೂಟದ ಹಾಗೆ ಸವಿಯುತ್ತಿದ್ದರು.

ಆಗ ನಮ್ಮ ದೇಶದಲ್ಲಿ ಎಲ್ಲ ಡಿಫೆಂಡರುಗಳೂ ಹೀಗೆಯೇ. ಒಬ್ಬೊಬ್ಬನಿಗೆ ಒಬ್ಬೊಬ್ಬ ಆಳು, ಅವರ ಹಿಂದೆ ತಪ್ಪಿದ್ದನ್ನು ಬಾಚಿಕೊಳ್ಳಲು ಒಬ್ಬ. ಗೋಲು ಬಿತ್ತೋ, ಪ್ರಶ್ನೆ ಒಂದೇ: ಅವನು ಯಾರ ಆಳು? ಉತ್ತರವಾಗಿ ಒಂದು ಹೆಸರು ಇದ್ದೇ ಇರುತ್ತಿತ್ತು. ಮಾರನೆಯ ದಿನದ ಪೇಪರಿನಲ್ಲಿ ಆ ಹೆಸರಿನ ಮುಂದೆ ಆರು ಎಂದು ಅಂಕ ಬೀಳುತ್ತಿತ್ತು. ಒಂದು ಅಂದರೆ ಅತ್ಯುತ್ತಮ, ಆರು ಅಂದರೆ ಮುಖ ಮುಚ್ಚಿಕೊಂಡು ಮನೆಗೆ ಹೋಗು ಅಂತ.

ತೊಂಬತ್ತೆಂಟರ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನಿಂದ ಹೊಸ ಕೋಚ್ ಬಂದ. ರೈನ್‌ಹೋಲ್ಡ್ ಎಗ್ಲಿ ಎಂದು ಹೆಸರು. ಸಣ್ಣ ಆಳು, ದಪ್ಪ ಕನ್ನಡಕ, ಜೇಬಿನಲ್ಲಿ ಯಾವಾಗಲೂ ಸೀಮೆಸುಣ್ಣ. ಮೊದಲ ದಿನವೇ ಹಲಗೆಯ ಮೇಲೆ ನಾಲ್ಕು ಚುಕ್ಕಿ ಇಟ್ಟು ನಡುವೆ ಗೆರೆ ಎಳೆದ.

“ಇನ್ಮುಂದೆ ಯಾರಿಗೂ ಆಳಿಲ್ಲ. ಪ್ರತಿಯೊಬ್ಬರಿಗೂ ಒಂದು ಜಾಗ. ನಾಲ್ಕು ಜನ ಒಂದು ಸರಪಳಿ. ಒಬ್ಬ ಮುಂದೆ ಹೋದ್ರೆ ನಾಲ್ಕೂ ಜನ ಮುಂದೆ, ಒಬ್ಬ ಪಕ್ಕಕ್ಕೆ ಸರಿದ್ರೆ ನಾಲ್ಕೂ ಜನ ಪಕ್ಕಕ್ಕೆ. ನಿಮ್ಮ ಜಾಗ ಬಿಟ್ಟು ಹೋದವನನ್ನ ಪಕ್ಕದವನಿಗೆ ಒಪ್ಪಿಸಿ, ನೀವು ನಿಂತಲ್ಲೇ ನಿಲ್ಲಿ.”

ಹಿಂದಿನ ಸಾಲಿನಿಂದ ಎಡಗಡೆಯ ಡಿಫೆಂಡರ್ ಉವೆ ಕ್ಲಾಸ್ಕೆ ಕೇಳಿದ: “ಒಪ್ಪಿಸಿದ್ಮೇಲೆ ರಸೀದಿ ಕೊಡ್ತಾರಾ, ಕೋಚ್?”

ಎಲ್ಲರೂ ನಕ್ಕರು. ಲುಡ್ಗರ್ ನಗಲಿಲ್ಲ. ಅವನಿಗೆ ಆಗ ಮೂವತ್ತಮೂರು ವರ್ಷ.

ಸೆಪ್ಟೆಂಬರಿನಲ್ಲಿ ಆಗಬಾರದ್ದು ಆಯಿತು. ಎದುರಾಳಿ ಕೋಚಿಗೆ ಲುಡ್ಗರನ ಸ್ವಭಾವ ಚೆನ್ನಾಗಿ ಗೊತ್ತಿತ್ತು. ತನ್ನ ಫಾರ್ವರ್ಡ್‌ಗೆ ಹೇಳಿಕೊಟ್ಟಿದ್ದ: ಚೆಂಡು ಎಲ್ಲಾದರೂ ಇರಲಿ, ನೀನು ಸುಮ್ಮನೆ ಮೂಲೆಯ ಬಾವುಟದ ಕಡೆ ನಡೆದುಕೊಂಡು ಹೋಗು. ಅವನು ಹೋದ. ಲುಡ್ಗರ್ ಹಿಂದೆ ಹೋದ. ಹನ್ನೆರಡು ವರ್ಷದ ಅಭ್ಯಾಸ, ಕಾಲು ಮನಸ್ಸನ್ನು ಕೇಳಲಿಲ್ಲ. ನಡುವೆ ಬಿಟ್ಟುಹೋದ ಜಾಗದಲ್ಲಿ ಗಾಡಿ ಓಡಿಸಬಹುದಿತ್ತು. ಮೂರು ಗೋಲು, ಮೂರೂ ಅದೇ ಬಾಗಿಲಿನಿಂದ. ಆ ಫಾರ್ವರ್ಡ್ ಇಡೀ ಆಟದಲ್ಲಿ ಚೆಂಡು ಮುಟ್ಟಿದ್ದು ನಾಲ್ಕು ಸಲ. ಲುಡ್ಗರ್ ಅಂಕಣದಿಂದ ಹೊರಬರುವಾಗ ನನ್ನ ಹತ್ತಿರ ಹೇಳಿದ: “ನನ್ನ ಆಳು ಏನೂ ಮಾಡ್ಲಿಲ್ಲ ಅಲೋಯ್ಸ್. ನೀನೇ ನೋಡಿದೆಯಲ್ಲ.” ಅದು ನಿಜವೇ ಆಗಿತ್ತು. ನಾನು ಅವನ ಹೆಗಲಿಗೆ ಟವೆಲ್ಲು ಹಾಕಿದೆ.

ಮಂಗಳವಾರ ಬೆಳಿಗ್ಗೆ ಎಗ್ಲಿ ನನ್ನ ಬೂಟಿನ ಕೋಣೆಗೇ ಬಂದ. ಲುಡ್ಗರ್ ಅಲ್ಲಿ ಚಹಾ ಕುಡಿಯುತ್ತಿದ್ದ. ನಾನು ಎದ್ದು ಹೊರಟರೆ “ಕೂತ್ಕೊಳ್ಳಿ” ಎಂದು ಕೈಸನ್ನೆ ಮಾಡಿದ.

“ಸೊಬೊಟ್ಕಾ, ನಿಮ್ಮಂಥ ಆಳು ಹಿಡಿಯೋರನ್ನ ನಾನು ನೋಡಿಲ್ಲ. ಆದರೆ ಆ ಕೆಲಸ ಮುಗೀತು. ಈ ಕ್ಲಬ್ಬಿನಲ್ಲಿ ಮಾತ್ರ ಅಲ್ಲ, ಎಲ್ಲ ಕಡೆ.”

“ನನಗೆ ಬೇರೆ ಕೆಲಸ ಬರಲ್ಲ, ಕೋಚ್.”

“ಕಲೀರಿ. ಡಿಸೆಂಬರಿನ ತನಕ ಬೆಂಚಿನ ಮೇಲೆ ಕೂರ್ತೀರಿ. ಚಳಿಗಾಲದ ಬಿಡುವಿಗೆ ಮುಂಚಿನ ಕೊನೆಯ ಆಟ ಹೋಲ್‌ಶ್ಟೆಡ್ ಮೇಲೆ. ಅವರ ಫಾರ್ವರ್ಡ್ ಆ ಟೆಸ್ಮರ್. ಆವತ್ತು ಪೂರ್ತಿ ಆಟ ನಿಮ್ಮನ್ನ ಆಡಿಸ್ತೀನಿ. ಟೆಸ್ಮರ್ ನಿಮ್ಮ ಜಾಗ ಬಿಟ್ಟು ಹೋದಾಗ ನೀವು ಅವನ ಹಿಂದೆ ಹೋದ್ರೆ, ಜನವರಿಯಿಂದ ಎರಡನೇ ತಂಡ. ನಿಂತ್ರೆ, ಜಾಗ ನಿಮ್ಮದು. ಗೆದ್ವಾ ಸೋತ್ವಾ ಅಂತ ನಾನು ನೋಡಲ್ಲ.”

ಮೂವತ್ತಮೂರನೇ ವಯಸ್ಸಿನಲ್ಲಿ ಎರಡನೇ ತಂಡಕ್ಕೆ ಹೋದವನು ತಿರುಗಿ ಬರುವುದಿಲ್ಲ. ಇದು ಮೂವರಿಗೂ ಗೊತ್ತಿತ್ತು. ಲುಡ್ಗರ್ ಲೋಟ ಕೆಳಗಿಟ್ಟ. “ಸರಿ” ಎಂದ, ಅಷ್ಟೆ.

ಎಗ್ಲಿ ತಾಲೀಮಿನಲ್ಲಿ ನಾಲ್ಕು ಡಿಫೆಂಡರುಗಳ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿ ಓಡಾಡಿಸುತ್ತಿದ್ದ. ಲುಡ್ಗರ್ ದಿನಕ್ಕೆ ಇಪ್ಪತ್ತು ಸಲ ಹಗ್ಗ ಜಗ್ಗಿ ಉಳಿದವರನ್ನು ಕೆಡವುತ್ತಿದ್ದ. ಒಂದು ಶುಕ್ರವಾರ ಅವನು ನನ್ನ ಹತ್ತಿರ ಬಂದ. “ಅಲೋಯ್ಸ್, ಆ ಹಗ್ಗ ಒಂದಿಷ್ಟು ದಿನ ನಂಗೆ ಬೇಕು. ನೀನೂ ಬೇಕು.”

“ನಂಗೆ ಐವತ್ತೆರಡು ವರ್ಷ ಕಣಯ್ಯ.”

“ಗ್ರಾಬೋಶ್ ಅಜ್ಜಿಗೆ ಎಪ್ಪತ್ತೊಂದು. ಅವರೇ ಒಪ್ಪಿದಾರೆ.”

ಶನಿವಾರ ಮಧ್ಯಾಹ್ನ ಲುಡ್ಗರನ ಮನೆಯ ಹಿಂದಿನ ಅಂಗಳದಲ್ಲಿ ನಾವು ಸರಪಳಿಯಾದೆವು. ಬಲತುದಿಗೆ ನಾನು, ನನ್ನ ಪಕ್ಕ ಲುಡ್ಗರನ ಹೆಂಡತಿ ಮೆಖ್‌ಟಿಲ್ಡ್, ಅವಳ ಪಕ್ಕ ಲುಡ್ಗರ್, ಎಡತುದಿಗೆ ಪಕ್ಕದ ಮನೆಯ ಗ್ರಾಬೋಶ್ ಅಜ್ಜಿ, ಹೂವಿನ ಏಪ್ರನ್ ತೊಟ್ಟುಕೊಂಡೇ. ಎದುರಾಳಿ ಅಜ್ಜಿಯ ಗಿಡ್ಡ ಕಾಲಿನ ನಾಯಿ ಫ್ರಿಡೊ. ಅದರ ಬಾಯಿಗೆ ಒಂದು ಹರಿದ ಚೆಂಡು ಕೊಟ್ಟು ಬಿಟ್ಟರೆ ಜಗತ್ತಿನ ಯಾವ ಫಾರ್ವರ್ಡ್ ಕೂಡ ಅಷ್ಟು ತಲೆಕೆಟ್ಟು ಓಡಲಾರ. ನಾಯಿ ಕೋಸಿನ ಪಾತಿಯ ಕಡೆ ಹಾರಿತು. ಲುಡ್ಗರ್ ಹಾರಿದ. ಹಗ್ಗ ಜಗ್ಗಿತು. ಮೆಖ್‌ಟಿಲ್ಡ್ ಒಣಹಾಕಿದ ಬಟ್ಟೆಯೊಳಗೆ ಹೋಗಿ ಬಿದ್ದಳು.

“ಮದುವೆಯಾದ ಹನ್ನೊಂದು ವರ್ಷದಲ್ಲಿ ನನ್ನ ಹಿಂದೆ ಒಂದ್ಸಲನಾದ್ರೂ ಹಿಂಗೆ ಓಡಿ ಬಂದಿದೀಯಾ? ನಾಯಿ ಹಿಂದೆ ಹೋಗ್ತಾನೆ ನೋಡು!”

“ನೀನು ತಪ್ಪಿಸ್ಕೊಂಡು ಓಡ್ಲೇ ಇಲ್ವಲ್ಲ.”

“ಇವಾಗ ಓಡ್ತೀನಿ ಇರು.”

ಗ್ರಾಬೋಶ್ ಅಜ್ಜಿ ಹಗ್ಗ ಸರಿಮಾಡಿಕೊಂಡು ಗದರಿದಳು: “ಲುಡ್ಗರ್, ಫ್ರಿಡೊ ನನ್ನ ಕಡೆ ಬಂದ್ರೆ ನಾನು ನೋಡ್ಕೋತೀನಪ್ಪ. ಆರು ವರ್ಷದಿಂದ ನೋಡ್ಕೊಂಡಿಲ್ವಾ? ನನ್ನ ಮೇಲೆ ನಂಬಿಕೆ ಇಲ್ಲ ಅನ್ನು, ಮನೆಗೆ ಹೋಗ್ತೀನಿ, ಒಲೆ ಮೇಲೆ ಬಟಾಣಿ ಸೂಪಿಟ್ಟಿದೀನಿ.”

ಈ ಎಲ್ಲವನ್ನೂ ಎವಾಲ್ಡ್ ಗೋಡೆ ಪಕ್ಕದ ಬೆಂಚಿನ ಮೇಲೆ ಕೂತು ನೋಡುತ್ತಿದ್ದ. ಗಣಿಯ ಧೂಳು ತಿಂದ ಎದೆ, ಮಾತಿಗೊಮ್ಮೆ ಕೆಮ್ಮು. “ಕುದುರೆ ಕಟ್ಟೋ ಹಾಗೆ ಕಟ್ಟಿದಾರೆ. ಲೋ, ಗಂಡಸು ತನ್ನ ಆಳನ್ನ ತಾನು ಹಿಡೀತಾನೆ. ಪಕ್ಕದವನಿಗೆ ದಾಟಿಸೋದು ಬಿಸಿ ಆಲೂಗಡ್ಡೇನ.”

ಲುಡ್ಗರ್ ಹಗ್ಗ ಬಿಗಿಮಾಡಿಕೊಂಡ. “ಇನ್ನೊಂದ್ಸಲ” ಎಂದ. ಆ ಮಧ್ಯಾಹ್ನ ಅವನು ಅದನ್ನು ಎಷ್ಟು ಸಲ ಅಂದನೋ, ನಾನು ಲೆಕ್ಕ ಇಡಲಿಲ್ಲ. ನನ್ನ ಸೊಂಟ ಇಟ್ಟಿತ್ತು.

ಅಕ್ಟೋಬರ್ ಪೂರ್ತಿ ಹೀಗೇ ನಡೆಯಿತು. ದೇಹ ಕಲಿಯುತ್ತಿತ್ತು, ಒಳಗೇನೋ ಒಪ್ಪುತ್ತಿರಲಿಲ್ಲ. ಒಂದು ಸಂಜೆ ಹಗ್ಗ ಸುತ್ತುವಾಗ ಅವನೇ ಬಾಯಿಬಿಟ್ಟ: “ಸುಮ್ನೆ ನಿಂತ್ರೆ ಕಳ್ಳತನ ಮಾಡ್ದಂಗೆ ಆಗುತ್ತೆ ಅಲೋಯ್ಸ್. ಬೇರೆಯವರು ಓಡ್ತಿರ್ತಾರೆ, ನಾನು ನಿಂತಿರ್ತೀನಿ. ಕೂಲಿ ತಗೊಂಡು ಕೆಲಸ ಮಾಡದೇ ಇದ್ದಂಗೆ.”

ನಾನು ಹೆಚ್ಚು ಓದಿದವನಲ್ಲ. ಅಮ್ಮ ಬೈಬಲಿನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದಳು, ಅದನ್ನು ಕೇಳುತ್ತ ಬೆಳೆದವನು. ಹೊಳೆದದ್ದನ್ನು ಹೇಳಿದೆ. “ಭಾನುವಾರ ಸಂಜೆಯ ಪ್ರಾರ್ಥನೇಲಿ ಏನಾಗುತ್ತೆ? ಎಡಗಡೆ ಬೆಂಚಿನವರು ಒಂದು ಸಾಲು ಹೇಳ್ತಾರೆ, ಬಲಗಡೆಯವರು ಇನ್ನೊಂದು ಸಾಲು. ಎಡಗಡೆಯವರು ಹೇಳುವಾಗ ಬಲಗಡೆಯವರು ಏನ್ಮಾಡ್ತಾರೆ?”

“ಸುಮ್ನಿರ್ತಾರೆ.”

“ನಿದ್ದೆ ಮಾಡ್ತಾರಾ?”

“ನಮ್ಮ ಬೆಂಚಿನ ಬೋರ್ಖರ್ಟ್ ಮಾಡ್ತಾನೆ.”

“ಅವನ ಮಾತು ಬಿಡು. ಅವರು ಸುಮ್ನಿರ್ಲಿಲ್ಲ ಅಂದ್ರೆ ಕೀರ್ತನೆ ಎಲ್ಲಿರುತ್ತೆ, ಗದ್ದಲ ಆಗುತ್ತೆ. ಆ ಸುಮ್ನಿರೋದೂ ಪ್ರಾರ್ಥನೇನೇ. ಕಿವಿ ಕೊಟ್ಕೊಂಡು ಕಾಯ್ತಾರೆ, ತಮ್ಮ ಸಾಲು ಬಂದಾಗ ತಪ್ಪದೆ ಹಿಡೀತಾರೆ.”

ಅವನು ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಸುತ್ತಿದ. ನವೆಂಬರಿನಲ್ಲಿ ಮೆಖ್‌ಟಿಲ್ಡ್ ಬಟ್ಟೆಯೊಳಗೆ ಬೀಳುವುದು ನಿಂತಿತು. ಫ್ರಿಡೊ ಎದುರಿನಿಂದ ಹಾದುಹೋದಾಗ ಲುಡ್ಗರ್ ಹಲ್ಲು ಕಚ್ಚಿ ನಿಂತು “ಅಜ್ಜಿ, ನಿಮಗೆ!” ಎಂದು ಕೂಗುತ್ತಿದ್ದ. ಅಜ್ಜಿ “ಬಂತಪ್ಪ, ಬಂತು” ಎಂದು ಏಪ್ರನ್ ಹರಡಿ ನಾಯಿಯನ್ನು ಹಿಡಿಯುತ್ತಿದ್ದಳು.

ಹೋಲ್‌ಶ್ಟೆಡ್ ಮೇಲಿನ ಆಟ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ಮೂರನೇ ಭಾನುವಾರ ಬಿತ್ತು. ಮಧ್ಯಾಹ್ನ ಮೂರು ಗಂಟೆ. ನೆಲ ಹೆಪ್ಪುಗಟ್ಟಿತ್ತು, ಬಾಯಿ ತೆರೆದರೆ ಹೊಗೆ. ಎವಾಲ್ಡ್ ತನ್ನ ಎಂದಿನ ಜಾಗದಲ್ಲಿ, ನಮ್ಮ ಬೆಂಚಿನ ಹಿಂದಿನ ನಿಂತು ನೋಡುವ ಮೆಟ್ಟಿಲುಗಳ ಕಂಬಿ ಹಿಡಿದು ನಿಂತಿದ್ದ.

ಟೆಸ್ಮರ್ ಹೆಸರುವಾಸಿ ಆಟಗಾರ. ಎತ್ತರ, ಹಗುರ, ಬಾಯಿ ಮಾತ್ರ ಬಹಳ ಉದ್ದ. ಮೊದಲ ಹತ್ತು ನಿಮಿಷದಲ್ಲೇ ಅವನು ಬಲಕ್ಕೆ ಹೋದ, ಎಡಕ್ಕೆ ಹೋದ, ಹಿಂದಕ್ಕೆ ಹೋದ. ಲುಡ್ಗರ್ ಬರಲಿಲ್ಲ. ಟೆಸ್ಮರ್ ಗೆರೆಯ ಹತ್ತಿರ ನಿಂತು, ಮೆಟ್ಟಿಲಿಗೆಲ್ಲ ಕೇಳುವ ಹಾಗೆ ಕೂಗಿದ: “ಯಾಕೆ ಸೊಬೊಟ್ಕಾ, ಇವತ್ತು ನನ್ನ ಜೊತೆ ಬರಲ್ವಾ? ಒಂಟಿ ಅನಿಸ್ತಿದೆ ಕಣೋ!”

ನಮ್ಮ ಜನರೇ ನಕ್ಕರು. ಲುಡ್ಗರನ ಕಿವಿ ಕೆಂಪಾಯಿತು. ಅವನು ನಾಲ್ಕು ಹೆಜ್ಜೆ ಬಲಕ್ಕೆ ಸರಿದ, ಉಳಿದ ಮೂವರೂ ಅವನೊಂದಿಗೆ ಸರಿದರು.

ಅರ್ಧ ಆಟ ಕಳೆದರೂ ಯಾರಿಗೂ ಗೋಲಿಲ್ಲ. ಅರವತ್ತೊಂದನೇ ನಿಮಿಷದಲ್ಲಿ ಅದು ಬಂತು. ಚೆಂಡು ಅವರ ಕಡೆಯವನೊಬ್ಬನ ಕಾಲಲ್ಲಿ ನಮ್ಮ ಬಲಬದಿಯಲ್ಲಿತ್ತು. ಟೆಸ್ಮರ್ ನಡುವಿನಲ್ಲಿ, ಲುಡ್ಗರನ ಮುಂದೆಯೇ ಇದ್ದ. ಇದ್ದಕ್ಕಿದ್ದಂತೆ ಅವನ ಸೊಂಟ ತಿರುಗಿತು. ಲುಡ್ಗರ್ ಅದನ್ನು ಕಂಡ, ಎಲ್ಲರಿಗಿಂತ ಮುಂಚೆ ಕಂಡ. ಟೆಸ್ಮರ್ ಅವನ ಬೆನ್ನ ಹಿಂದಿನಿಂದ ನಮ್ಮ ಎಡತುದಿಗೆ ಓಡಿದ. ಲುಡ್ಗರನ ಕಾಲು ಎರಡು ಹೆಜ್ಜೆ ಅತ್ತ ಹೋಗಿಯೇ ಬಿಟ್ಟಿತು. ಅಲ್ಲಿ ಅವನು ನಿಂತ. ಹಗ್ಗವಿಲ್ಲ, ಜಗ್ಗುವವರಿಲ್ಲ, ತಾನೇ ತನ್ನನ್ನು ನಿಲ್ಲಿಸಿಕೊಂಡ. ಕೈ ಚಾಚಿ ಕೂಗಿದ: “ಉವೆ! ನಿಂಗೆ!”

ಉವೆ ಕ್ಲಾಸ್ಕೆ ಚೆಂಡನ್ನು ನೋಡುತ್ತಿದ್ದ.

ಚೆಂಡು ಎಲ್ಲರ ತಲೆ ಮೇಲೆ ಹಾದುಬಂತು. ಟೆಸ್ಮರ್ ಒಬ್ಬನೇ, ಸುತ್ತ ಯಾರೂ ಇಲ್ಲ, ಹಣೆಯಿಂದ ಮೆಲ್ಲಗೆ ತಳ್ಳಿದ. ಬಲೆ ಅಲ್ಲಾಡಿತು.

ಅದರ ಹಿಂದೆಯೇ ಮೆಟ್ಟಿಲುಗಳೆಲ್ಲ ಒಂದೇ ದನಿಯಲ್ಲಿ: “ಸೊಬೊಟ್ಕಾ! ಅವನು ನಿನ್ನ ಆಳು!” ಆ ಗದ್ದಲದಲ್ಲೂ ನನಗೆ ಎವಾಲ್ಡನ ಕೆಮ್ಮು ಬೆರೆತ ದನಿ ಬೇರೆಯಾಗಿ ಕೇಳಿಸಿತು: “ಹಿಡಿಯೋ ಅವನನ್ನ! ಹಿಡಿಯೋ ಮಗನೇ!”

ಇನ್ನು ಇಪ್ಪತ್ತೊಂಬತ್ತು ನಿಮಿಷ ಉಳಿದಿತ್ತು. ಟೆಸ್ಮರ್ ಎಡಕ್ಕೆ ಹೋದಾಗಲೆಲ್ಲ ಸಾವಿರಾರು ಜನ “ಅವನ ಹಿಂದೆ ಹೋಗು! ಹೋಗು!” ಎನ್ನುತ್ತಿದ್ದರು. ಬಟಾಣಿ ಸೂಪಿನ ಖಾಲಿ ಬಟ್ಟಲೊಂದು ಗೆರೆಯೊಳಗೆ ಬಂದು ಬಿತ್ತು. ಅಪ್ಪನ ಮಾತು, ಊರಿನ ಮಾತು, ಹನ್ನೆರಡು ವರ್ಷದ ಕಾಲಿನ ಮಾತು ಎಲ್ಲ ಒಂದು ಕಡೆ. ಲುಡ್ಗರ್ ತನ್ನ ಜಾಗದಲ್ಲಿ ನಿಂತ. ನಾನು ಬೆಂಚಿನ ಮೇಲೆ ಜೇಬಿನೊಳಗಿನ ಜಪಸರವನ್ನು ಬೆರಳು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದೆ. ಆಟ ಗೆಲ್ಲಲಿ ಎಂದು ಬೇಡಲಿಲ್ಲ. ಅವನು ನಿಲ್ಲಲಿ ಎಂದಷ್ಟೇ ಬೇಡಿದೆ.

ಎಪ್ಪತ್ತೆಂಟನೇ ನಿಮಿಷದಲ್ಲಿ ಹೋಲ್‌ಶ್ಟೆಡ್‌ನವರು ನಡುವಿಗೆ ಒಂದು ಚೂಪಾದ ಪಾಸ್ ಕೊಟ್ಟರು. ಲುಡ್ಗರ್ ಟೆಸ್ಮರ್‌ನ ಹಿಂದೆ ಹೋಗಿದ್ದರೆ ಆ ಚೆಂಡು ನೇರ ಗೋಲಿನೊಳಕ್ಕೇ ಹೋಗುತ್ತಿತ್ತು. ಅವನು ಅಲ್ಲಿದ್ದ, ಕಾಲು ಚಾಚಿ ತೆಗೆದುಕೊಂಡ, ಮುಂದಕ್ಕೆ ದಾಟಿಸಿದ. ಎಂಬತ್ತಾರರಲ್ಲಿ ಇನ್ನೊಮ್ಮೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಗದೇ ಹೋದ ಗೋಲಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ? ಒಂದು-ಸೊನ್ನೆಯಲ್ಲಿ ಸೋತೆವು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬೂಟಿನ ದಾರ ಬಿಚ್ಚುವ ಸದ್ದು ಮಾತ್ರ. ಉವೆ ಟವೆಲ್ಲನ್ನು ತಲೆ ಮೇಲೆ ಎಳೆದುಕೊಂಡು ಕೂತಿದ್ದ. ಎಗ್ಲಿ ನೇರ ಲುಡ್ಗರನ ಮುಂದೆ ಬಂದು ನಿಂತ.

“ಅರವತ್ತೊಂದನೇ ನಿಮಿಷ.”

“ಹೌದು, ಕೋಚ್.”

“ಕಾಲು ಎರಡು ಹೆಜ್ಜೆ ಹೋಗಿತ್ತು.”

“ಹೋಗಿತ್ತು. ವಾಪಸ್ ತಂದೆ.”

“ನೋಡಿದೆ.” ಎಗ್ಲಿ ಕನ್ನಡಕ ತೆಗೆದು ಒರೆಸಿದ. “ಹೊರಗೆ ಪೇಪರಿನವರು ಕಾಯ್ತಿದಾರೆ. ಅವನು ಯಾರ ಆಳು ಅಂತ ಕೇಳ್ತಾರೆ. ಒಂದು ಹೆಸರು ಹೇಳಿದ್ರೆ ನಿಮ್ಮ ಅಂಕ ಉಳಿಯುತ್ತೆ.”

ಟವೆಲ್ಲು ಅಲುಗಾಡಲಿಲ್ಲ.

“ನಾಲ್ಕು ಜನದ್ದು ಅಂತ ಹೇಳ್ತೀನಿ” ಎಂದ ಲುಡ್ಗರ್.

“ಅವರಿಗೆ ಅರ್ಥ ಆಗಲ್ಲ. ಆರು ಹಾಕ್ತಾರೆ.”

“ಹಾಕ್ಲಿ.”

“ಜನವರಿ ನಾಲ್ಕು, ಬೆಳಿಗ್ಗೆ ಒಂಬತ್ತು, ಮೊದಲ ತಂಡದ ತಾಲೀಮು. ತಡ ಮಾಡಬೇಡಿ” ಎಂದ ಎಗ್ಲಿ. ಅಷ್ಟು ಹೇಳಿ ಹೋದ. ಲುಡ್ಗರ್ ಬೂಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಬೆಂಚಿನ ಆ ತುದಿಯಿಂದ ಉವೆ ಎದ್ದು ಬಂದು ಏನೋ ಹೇಳಲು ಬಾಯಿ ತೆರೆದ. ಲುಡ್ಗರ್ ಅವನ ಭುಜಕ್ಕೆ ಒಂದು ಏಟು ಕೊಟ್ಟ. “ಮುಂದಿನ ಸಲ ನಾನು ಕೂಗಿದಾಗ ಕಿವಿ ಕೊಡು ಕತ್ತೆ.”

ಪೇಪರಿನವರು ಕೇಳಿದರು, ಅವನು ಹೇಳಿದ, ಅವರಿಗೆ ಅರ್ಥವಾಗಲಿಲ್ಲ.

ಗೇಟಿನ ಹೊರಗೆ ಎವಾಲ್ಡ್ ನಿಂತಿದ್ದ, ಮಫ್ಲರಿನೊಳಗೆ ಮುಖ ಹುದುಗಿಸಿಕೊಂಡು. ನಾನು ಜೆರ್ಸಿಗಳ ಚೀಲ ಹೊತ್ತು ಹಿಂದೆ ಬರುತ್ತಿದ್ದೆ. ಅವರಿಬ್ಬರೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ಅವನು ನಿನ್ನ ಆಳು” ಎಂದ ಮುದುಕ.

“ಅಲ್ಲ ಅಪ್ಪ.”

“ಸೊಂಟ ತಿರುಗಿದ್ದು ನೀನು ನೋಡಿದೆ. ನಾನು ಕಲಿಸಿದ್ದನ್ನ ನೀನು ಮರೆತಿರ್ಲಿಲ್ಲ. ನೋಡಿಯೂ, ಗೊತ್ತಿದ್ದೂ ನಿಂತೆ.”

“ಹೂಂ. ಗೊತ್ತಿದ್ದೇ ನಿಂತೆ.”

ಎವಾಲ್ಡನಿಗೆ ಕೆಮ್ಮು ಬಂತು. ಲುಡ್ಗರ್ ಕಾದ. ಬೆನ್ನು ತಟ್ಟಲು ಹೋಗಲಿಲ್ಲ, ಮುದುಕನಿಗೆ ಅದು ಸೇರುತ್ತಿರಲಿಲ್ಲ. ಕೆಮ್ಮು ನಿಂತ ಮೇಲೆ ಎವಾಲ್ಡ್ ಕೇಳಿದ: “ಮತ್ತೆ ಅದು ಯಾರ ತಪ್ಪು?”

“ಹೇಳಲ್ಲ.”

“ನಂಗೂ ಹೇಳಲ್ವಾ?”

“ನಿಂಗೂ ಇಲ್ಲ. ಓಡಿದ್ರೆ ಸುಲಭ ಇತ್ತು ಅಪ್ಪ. ಅಷ್ಟು ಜನ ಬೈತಾ ಇದ್ರೆ ನಿಲ್ಲೋದು ಎಷ್ಟು ಕಷ್ಟ ಅಂತ ನನ್ನ ಕಾಲಿಗೆ ಗೊತ್ತು. ಜನವರೀಲೂ ಹಿಂಗೇ ನಿಲ್ತೀನಿ. ನೀನು ಬೈಯೋದಾದ್ರೆ ಬೈ. ಆದ್ರೆ ಬಾ.”

ಎವಾಲ್ಡ್ ಮಗನ ಮುಖವನ್ನೇ ನೋಡಿದ. ನಾನು ಆ ಮುದುಕನನ್ನು ನಲವತ್ತು ವರ್ಷದಿಂದ ಬಲ್ಲೆ. ಅವನು ತನ್ನ ಮಾತು ಹಿಂತೆಗೆದುಕೊಂಡದ್ದನ್ನು ಎಂದೂ ಕಂಡಿಲ್ಲ, ಅವತ್ತೂ ಕಾಣಲಿಲ್ಲ.

“ನಂಗೆ ಇದು ಆಟ ಅನಿಸಲ್ಲ” ಎಂದ. ಮಫ್ಲರ್ ಬಿಗಿಮಾಡಿಕೊಂಡು, “ಯಾವತ್ತು?” ಎಂದ.

“ಏನು?”

“ಬಿಡುವಾದ್ಮೇಲೆ ಮೊದಲ್ನೇ ಆಟ ಕಣೋ. ಯಾವತ್ತು?”